ಎಣ್ಣೆಬಣ್ಣ, ನೀರುಬಣ್ಣ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಸಂಗೀತ ಮಂದಿರದ ದೊಡ್ಡ ಗೋಡೆ ಆಳೆತ್ತರದವರೆಗೆ ಮಾತ್ರ ಕಾಣುತ್ತಿತ್ತು. ಅದರ ಮೇಲಿನದು ಇದೆಯೆಂದು ನಂಬಿಕೊಳ್ಳಬೇಕಷ್ಟೆ. ಗೋಡೆಗೆ ಕಟ್ಟಿದ್ದ ಅಟ್ಟಣೆಯ ಬಿದಿರಿನ ಗಳುಗಳು ಬಿಳುಪಿನಲ್ಲಿ ಕರಗಿದ್ದವು. ಏಣಿಯೂ ಅರ್ಧದಲ್ಲಿ ಮಾಯ. ಬೀದಿದೀಪಗಳನ್ನು ಯಾರೂ ಇನ್ನೂ ಆರಿಸಿರಲಿಲ್ಲ.

ಏಣಿಯ ಬುಡದಲ್ಲಿ ನಿಂತು ಬಣ್ಣದಣ್ಣ ಕಣ್ಣು ಮುಚ್ಚಿದ. ಕೆಲಸ ಶುರುಮಾಡುವ ಮೊದಲು ಅವನ ಅಪ್ಪ ಹೇಳುತ್ತಿದ್ದ ಮಾತನ್ನೇ ಅವನೂ ಹೇಳಿಕೊಳ್ಳುತ್ತಿದ್ದ: "ಕಸುಬು ಕೊಟ್ಟ ದೇವರೇ, ಕೈ ನಡುಗದ ಹಾಗೆ ನೋಡ್ಕೋ." ಆಮೇಲೆ ಕಣ್ಣು ತೆರೆದು ತಂಗಿಯ ಕಡೆ ನೋಡಿದ. ಅವಳು ಆಗಲೇ ಸೆರಗು ಬಿಗಿದು, ಡಬ್ಬವನ್ನು ಹಗ್ಗಕ್ಕೆ ಕಟ್ಟಿ, ಮಾತಿಲ್ಲದೆ ಏಣಿ ಹತ್ತಿ ಮಂಜಿನೊಳಗೆ ಹೋಗಿಬಿಟ್ಟಿದ್ದಳು.

"ಏನು ಬಿಗುಮಾನವೋ ಇವಳಿಗೆ," ಅಂದುಕೊಂಡ.

ಇಡೀ ಊರಿನ ಗೋಡೆಗಳ ಮೇಲೆ ಮುಖ ಬರೆಯುವ ಮನೆತನ ಅವರದು. ಸಂಗೀತ ಮಂದಿರದ ಈ ಗೋಡೆಯ ಮೇಲೆ ಮುಂಚೆ ಎರಡು ಮುಖಗಳಿದ್ದವು. ಎಡಗಡೆ ಒಬ್ಬ ಗಾಯಕ. ಅವನ ದನಿಗೆ ಮರುಳಾಗಿ ಜನ ಅವನನ್ನು ಜೇನುಗಂಟಲು ಅಂತಲೇ ಕರೆಯುತ್ತಿದ್ದರು. ಬಲಗಡೆ ಅವನ ಹೆಂಡತಿ, ಅವಳೂ ಗಾಯಕಿ, ಅವನಿಗಿಂತ ಮೇಲಿನ ಸ್ವರಕ್ಕೆ ಸಲೀಸಾಗಿ ಹೋಗಬಲ್ಲವಳು. ಆದರೂ ಜನರ ಬಾಯಲ್ಲಿ ಅವಳು 'ಜೇನುಗಂಟಲಿನ ಹೆಂಡತಿ'. ಬಿತ್ತನೆಯ ಹೊತ್ತಿಗೆ ಸುದ್ದಿ ಹಬ್ಬಿತು: ಪ್ರವಾಸದಲ್ಲಿ, ತಂಗಿದ್ದ ಹೋಟೆಲಿನಲ್ಲಿ, ಅವನು ಅವಳನ್ನು ಹಿಗ್ಗಾಮುಗ್ಗಾ ಹೊಡೆದ. ಬಿಡಿಸಿಕೊಳ್ಳಲು ಅವಳು ಅವನ ಕೈ ಕಚ್ಚಿದಳು.

ಅಂದೇ ಮಂದಿರದ ಮ್ಯಾನೇಜರ್ ಹೇಳಿಕಳಿಸಿದ್ದ. ಮನುಷ್ಯ ಕೆಟ್ಟವನಲ್ಲ, ಹೆದರುಪುಕ್ಕಲ. ಜನ ಗೋಡೆಗೆ ಕಲ್ಲೆಸೆದಾರೆಂದು ಅವನ ಜೀವ ಪುಕಪುಕ ಅನ್ನುತ್ತಿತ್ತು.

"ಎರಡೂ ಮುಖ ಮುಚ್ಚಿಬಿಡಪ್ಪ. ಅವನದಕ್ಕೆ ಡಿಸ್ಟೆಂಪರ್ ಹೊಡಿ, ಒದ್ದೆ ಬಟ್ಟೇಲಿ ಉಜ್ಜಿದ್ರೆ ಹೋಗೋ ಹಾಗಿರಲಿ. ಅವಳದಕ್ಕೆ ಆಯಿಲ್ ಪೇಂಟ್."

"ಎರಡಕ್ಕೂ ಒಂದೇ ಹೊಡೆದ್ರೆ ಕೆಲಸ ಸುಲಭ ಅಲ್ವಾ ಸಾರ್?"

"ಹೇಳಿದಷ್ಟು ಮಾಡಯ್ಯ. ತರ್ಕ ಮಾಡ್ತಾ ನಿಂತ್ಕೋಬೇಡ."

ಬಣ್ಣದಣ್ಣ ಹೇಳಿದಷ್ಟು ಮಾಡಿದ್ದ. ಆದರೆ ಮಾವಿನಕಾಯಿಯ ನಾರು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಹಾಗೆ ಆ ಮಾತು ಅವನೊಳಗೆ ಉಳಿದುಬಿಟ್ಟಿತ್ತು. ಆ ದಿನ ಗಾಯಕ ಇನ್ನೂ ಬಾಯಿಬಿಟ್ಟಿರಲಿಲ್ಲ. ಕ್ಷಮೆ ಕೇಳಿರಲಿಲ್ಲ, ಅತ್ತಿರಲಿಲ್ಲ. ಆದರೂ ಅವನ ಮುಖ ಮರಳಿ ಬರುತ್ತದೆಂದು ಮ್ಯಾನೇಜರಿಗೆ ಗೊತ್ತಿತ್ತು. ಅವಳದು ಬರುವುದಿಲ್ಲವೆಂದೂ ಗೊತ್ತಿತ್ತು. ಹೇಗೆ? ಯಾರು ಹೇಳಿದರು? ಬಣ್ಣದಣ್ಣನಿಗೆ ಕೋಪ ಬರಲಿಲ್ಲ. ಅವನು ಅಂಥ ಜೀವವಲ್ಲ. ಗಡಿಯಾರದ ಹಿಂಬದಿ ಬಿಚ್ಚಿ ನೋಡುವ ಮಗುವಿನಂತೆ ಅವನಿಗೆ ಬರೀ ಕುತೂಹಲ. ಕೇಳುವುದಕ್ಕೂ ಮೊದಲೇ ಕ್ಷಮೆ ತಯಾರಾಗುವುದು ಯಾವ ಅಡುಗೆಮನೆಯಲ್ಲಿ?

ಆಮೇಲೆ ಎಲ್ಲ ಮ್ಯಾನೇಜರ್ ಎಣಿಸಿದಂತೆಯೇ ನಡೆಯಿತು. ಗಾಯಕ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಟೀವಿಗೆ ಬಂದ. ಆ ಕೈಯನ್ನೇ ಜೋಡಿಸಿ ಕಣ್ಣೀರಿಟ್ಟ. ಬ್ಯಾಂಡೇಜನ್ನು ಊರೆಲ್ಲ ನೋಡಿತು. ಹೆಂಡತಿ ಉದ್ದ ತೋಳಿನ ರವಿಕೆ ತೊಟ್ಟು ಬಂದಿದ್ದಳು, ಏನೂ ಕಾಣಿಸಲಿಲ್ಲ. "ನೀವು ಕ್ಷಮಿಸಿದಿರಾ ಮೇಡಂ?" ಎಂದು ಮೈಕು ಹಿಡಿದಾಗ ಅವಳು "ಇನ್ನೂ ಇಲ್ಲ" ಅಂದಳು. ಅಷ್ಟೇ ಅಂದದ್ದು. ಅಂದಿನಿಂದ ಊರು ಅವನ ಮೇಲಿದ್ದ ಕೋಪವನ್ನು ಮಡಚಿ ಅವಳ ತಲೆಯ ಮೇಲೆ ಇಟ್ಟಿತು.

ಅಗಲ ಸೂರಿನಡಿಯ ಗೋಡೆಗೆ ಇರಚಲೂ ತಾಗದೆ ಮಳೆಗಾಲ ಕಳೆದಿತ್ತು. ಈಗ ಅವನ ಹೊಸ ಸಂಗೀತ ಕಚೇರಿ ನಿಗದಿಯಾಗಿತ್ತು. ಟಿಕೀಟೆಲ್ಲ ಖಾಲಿ. ಗೋಡೆಯ ಮೇಲೆ ಅವನ ಮುಖ ತೊಳೆದು ತೆಗೆಯಬೇಕು. ಅವಳಿದ್ದ ಜಾಗದಲ್ಲಿ ಒಂದು ಕೆಂಪು ಪರದೆ ಬರೆಯಬೇಕು, ರಂಗದ ಮೇಲೆ ಇಳಿಬಿಡುವಂಥದ್ದು.

ಮುಖ ತೊಳೆಯುವುದು ಬಣ್ಣದಣ್ಣನ ಪಾಲಿಗೆ, ಪರದೆ ತಂಗಿಯ ಪಾಲಿಗೆ. ಅಪ್ಪ ಹಾಕಿಕೊಟ್ಟ ಕ್ರಮ ಹಾಗೆ: ಬಲಗೈಯವರು ಗೋಡೆಯನ್ನು ಎಡದಿಂದ ಬಲಕ್ಕೆ ಬರೆಯಬೇಕು, ಇಲ್ಲದಿದ್ದರೆ ಹಸಿಬಣ್ಣಕ್ಕೆ ಮೊಣಕೈ ತಾಗುತ್ತದೆ. ಹಿರಿಯನು ಎಡದಂಚು ಹಿಡಿಯಬೇಕು, ಕಿರಿಯರು ಅವನ ಬಲಕ್ಕೆ. ಅಟ್ಟಣೆಯ ಮೇಲಿನ ಈ ಸಾಲು ಮನೆಯ ಊಟದ ಬೆಂಚಿಗೂ ಬಂದುಬಿಟ್ಟಿತ್ತು. ಎಡಗಡೆ ಅಣ್ಣ, ಬಲಗಡೆ ತಂಗಿ, ಚಿಕ್ಕಂದಿನಿಂದ ಬದಲಾಗಿರಲಿಲ್ಲ.

ತಂಗಿ ಗಂಡನ ಮನೆ ಬಿಟ್ಟು ಬಂದದ್ದು ಬೇಸಿಗೆಯಲ್ಲಿ. ಗಂಡನದು ಔಷಧಿ ಅಂಗಡಿ. ನಯವಾದ ಮಾತಿನವನು, ಮುದುಕರಿಗೆ ಗುಳಿಗೆಯನ್ನು ಯಾವ ಹೊತ್ತಿಗೆ ನುಂಗಬೇಕೆಂದು ಎರಡೆರಡು ಸಲ ಹೇಳಿ ಕಳಿಸುವವನು. ಅವನು ಹೆಂಡತಿಯ ಮೇಲೆ ಕೈಮಾಡಿದ್ದ, ಅವಳು ಕೈಗೆ ಸಿಕ್ಕ ಸೌಟು ಬೀಸಿದ್ದಳು, ಅವನ ಮುಂದಿನ ಹಲ್ಲು ಮುರಿದಿತ್ತು. ಎಲ್ಲರ ಬಾಯಲ್ಲಿ ಉಳಿದದ್ದು ಆ ಹಲ್ಲು. ಅವನು ನಕ್ಕರೂ ಕಾಣುತ್ತಿತ್ತು, ಆಕಳಿಸಿದರೂ ಕಾಣುತ್ತಿತ್ತು.

"ಹೆಂಗಸು ಅಂದ್ಮೇಲೆ ಸೌಟು ಎತ್ತೋದಾ?" ಎಂದು ಅಮ್ಮ ಹಣೆ ಹಣೆ ಬಡಿದುಕೊಂಡಿದ್ದಳು. "ಅವನು ಬಂದು ತಪ್ಪಾಯ್ತು ಅಂದ. ಹಣ್ಣು ತಂದ. ಕಾಲಿಗೂ ಬಿದ್ದ. ಇನ್ನೇನು ಮಾಡ್ಬೇಕು ಪಾಪ ಅವನು?"

ಬರುವ ಭಾನುವಾರ ಅವನು ಕರೆದೊಯ್ಯಲು ಬರುವುದೆಂದು ಅಮ್ಮ ಮಾತು ಕೊಟ್ಟಾಗಿತ್ತು. ಹಲ್ಲಿನ ವಿಷಯಕ್ಕೆ ತಂಗಿ ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕು. ಅಣ್ಣ ಸರಿಯೆಂದರೆ ಸಾಕು, ಅವಳು ಹೊರಡುವುದೇ. ಅಪ್ಪನಿಲ್ಲದ ಮನೆಯಲ್ಲಿ ಕೊನೆಯ ಮಾತು ಅವನದಾಗಿತ್ತು. ಅವನು ಸರಿಯೆಂದೂ ಅಂದಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ. ತಂಗಿಯನ್ನು ವಿಚಾರಿಸೋಣವೆಂದು ಊಟದ ಹೊತ್ತಿಗೆ, ತಗ್ಗಿದ ದನಿಯಲ್ಲಿ, ಹಲವು ಸಲ ಮಾತು ತೆಗೆದಿದ್ದ. "ಏನಂತೀಯಾ ಮರೀ?" ಅಂದಿದ್ದ. ಅವಳು ತಟ್ಟೆ ನೋಡುತ್ತ ಉಣ್ಣುತ್ತಲೇ ಇದ್ದಳು.

ಸೊಕ್ಕು ಎಂದುಕೊಂಡಿದ್ದ. ಮೌನವೇ ಒಪ್ಪಿಗೆ ಎಂದೂ ಒಂದು ಬಾರಿ ಅಂದುಕೊಂಡಿದ್ದ.

*

ಅಟ್ಟಣೆಯ ಮೇಲೆ ಮಂಜು ಇನ್ನಷ್ಟು ಗಟ್ಟಿಯಾಗಿತ್ತು. ಬಣ್ಣದಣ್ಣನಿಗೆ ತನ್ನ ಕೈ ಕಾಣುತ್ತಿತ್ತು, ಗೋಡೆಯ ಒಂದು ಚೂರು ಕಾಣುತ್ತಿತ್ತು. ಕೆಳಗೆ ನೀರಿನ ಮೋಟಾರು ಗುಂಯ್ಗುಡುತ್ತಿತ್ತು. ಅವನು ಪೈಪು ಹಿಡಿದು ಬಟ್ಟೆಯಿಂದ ಉಜ್ಜಿದಂತೆಲ್ಲ ಬಿಳಿನೀರು ಇಳಿದು, ಒಳಗಿನಿಂದ ಮೊದಲು ಒಂದು ಹುಬ್ಬು ಬಂತು, ಆಮೇಲೆ ಮೂಗು. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಸ್ನಾನ ಮುಗಿಸಿ ಬಂದವನ ಹಾಗೆ ಗಾಯಕ ಫಳಫಳ ಹೊಳೆಯುತ್ತಿದ್ದ.

"ಎಷ್ಟು ಸಲೀಸಪ್ಪ ನಿನಗೆ," ಎಂದು ಬಣ್ಣದಣ್ಣ ಆ ಹುಬ್ಬಿಗೆ ಹೇಳಿದ.

ತೊಳೆದ ನೀರು ಹಲಗೆಯ ಮೇಲೆ ಬಲಕ್ಕೆ ಹರಿಯುತ್ತಿರುವುದು ಅವನಿಗೆ ಆಗ ಕಂಡಿತು. ತಂಗಿ ಆ ಕಡೆ ಎಲ್ಲೋ ಬಿಳುಪಿನಲ್ಲಿದ್ದಳು. "ಮರೀ, ಹಲಗೆ ಜಾರುತ್ತೆ! ಈ ಕಡೆ ಕಾಲಿಡಬೇಡ!" ಎಂದು ಕೂಗಿದ.

ಇನ್ನೊಮ್ಮೆ ಕೂಗುವಷ್ಟರಲ್ಲಿ ಧಡಕ್ಕೆಂದು ಹಲಗೆ ಅದುರಿತು. ಅವನು ಗಳು ಹಿಡಿದುಕೊಂಡು ನುಗ್ಗಿದ. ತಂಗಿ ಒಂದು ಮೊಣಕಾಲೂರಿ, ಎರಡೂ ಕೈಯಲ್ಲಿ ಗಳು ತಬ್ಬಿಕೊಂಡಿದ್ದಳು.

"ಗಂಟಲು ಹರ್ಕೊಂಡು ಕೂಗ್ತಿದ್ದೀನಿ, ಕೇಳಿಸಲಿಲ್ವಾ?"

"ಏನು?" ಅಂದಳು ಅವಳು. ಹೇಳುವಾಗ ಇಡೀ ಮುಖವನ್ನು ಅವನತ್ತ ತಿರುವಿ, ಬಲಗೆನ್ನೆಯನ್ನು ಮುಂದೆ ತಂದಳು. ಕಾಳಿನ ಸದ್ದಿಗೆ ಕೋಳಿ ಕತ್ತು ಓರೆಮಾಡುತ್ತದಲ್ಲ, ಹಾಗೆ.

ಅವನ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಈ ಓರೆಯನ್ನು ಅವನು ಮನೆಯಲ್ಲೂ ನೋಡಿದ್ದ, ಬಿಂಕವೆಂದು ಬಗೆದಿದ್ದ.

"ಏನಿಲ್ಲ. ಹುಷಾರು," ಅಂದ.

ಅಷ್ಟು ಹೊತ್ತಿಗೆ ಗೋಡೆಯ ಬಲತುದಿಯ ಕೆಳಗಿನಿಂದ, ಅಲ್ಲಿ ಅಂಗಡಿ ಇಟ್ಟಿದ್ದ ಚಹಾದಕ್ಕನ ದನಿ ಮಂಜು ಸೀಳಿಕೊಂಡು ಬಂತು. "ಏನೇ ಹುಡುಗಿ, ಮೇಲಿಂದ ದೇವಲೋಕಕ್ಕೆ ಹೊರಟ್ಯಾ? ಚಹಾ ಕುಡ್ಕೊಂಡು ಹೋಗು!"

"ದೇವರಿಗೂ ಒಂದು ಲೋಟ ಕಟ್ಟಿಕೊಡಕ್ಕಾ, ಖಾಲಿ ಕೈಯಲ್ಲಿ ಹೋಗೋದಾ?" ತಂಗಿ ಥಟ್ಟನೆ ಕೂಗಿದಳು.

ಚಹಾದಕ್ಕ ಬಿದ್ದುಬಿದ್ದು ನಕ್ಕಳು. ಬಣ್ಣದಣ್ಣ ಬಟ್ಟೆ ಹಿಂಡುವುದನ್ನು ನಿಲ್ಲಿಸಿದ. ಅಷ್ಟು ಕೆಳಗಿನಿಂದ ಬಂದ ಮಾತು ಕೇಳಿಸಿತು. ಪಕ್ಕದಲ್ಲೇ ನಿಂತವನ ಕೂಗು ಕೇಳಿಸಲಿಲ್ಲ.

ಅವನು ಪರೀಕ್ಷೆ ಮಾಡಿದ. ಎಡಗಡೆಯಿಂದ, ಸಾಮಾನ್ಯ ದನಿಯಲ್ಲಿ, "ಕೆಂಪು ಸಾಕಾಗುತ್ತಾ?" ಅಂದ. ಅವಳ ಕುಂಚ ಓಡುತ್ತಲೇ ಇತ್ತು. ಹಸಿಬಣ್ಣಕ್ಕೆ ತಾಗದಂತೆ ಮೈ ಹಿಡಿಮಾಡಿಕೊಂಡು, ಅವಳ ಹಿಂದಿನಿಂದ ನುಸುಳಿ, ಜೀವಮಾನದಲ್ಲಿ ಮೊದಲ ಸಲ ತಂಗಿಯ ಬಲಕ್ಕೆ ಬಂದು ನಿಂತ. ಪಿಸುಮಾತಿನಲ್ಲಿ, "ಕೆಂಪು ಸಾಕಾಗುತ್ತಾ?" ಅಂದ.

"ಸಾಕು. ನೀನ್ಯಾಕೆ ಈ ಕಡೆ ಬಂದೆ? ದಾಟುವಾಗ ಹಸಿಬಣ್ಣಕ್ಕೆ ತಾಗ್ತೀಯ."

"ಸುಮ್ನೆ," ಅಂದ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಗಾಯಕನ ಕೆನ್ನೆ ಉಜ್ಜತೊಡಗಿದ. ಆದರೆ ಮನಸ್ಸು ಬೇರೆಲ್ಲೋ ಇತ್ತು. ತಾನು ಊಟದ ಬೆಂಚಿನಲ್ಲಿ ತಗ್ಗಿದ ದನಿಯಲ್ಲಿ ಕೇಳಿದ್ದೆಲ್ಲ ಯಾರ ಕಿವಿಗೆ ಹೋಗಿತ್ತು? ದೇವರ ಕಿವಿಗೇ ಹೋಗಿದ್ದಿರಬೇಕು, ಅವನೂ ಸುಮ್ಮನಿದ್ದ.

*

ಬಿಸಿಲೇರಿದಂತೆ ಮಂಜು ಮೇಲಿನಿಂದ ಬಿಚ್ಚಿಕೊಂಡಿತು. ಮೊದಲು ಗಾಯಕನ ಹಣೆ ಊರಿಗೆ ಕಂಡಿತು. ಬೀದಿಯಲ್ಲಿ ಹೋಗುವವರು ನಿಂತರು. ಒಬ್ಬ ಸೀಟಿ ಹೊಡೆದ. ಯಾರೋ ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಹೊರಗೆ ಬಂದು, ಕೈ ಹಿಂದೆ ಕಟ್ಟಿಕೊಂಡು, ತಾನೇ ಬರೆದವನ ಹಾಗೆ ನಿಂತ.

ಬಣ್ಣದಣ್ಣ ಚಹಾಕ್ಕೆಂದು ಕೆಳಗಿಳಿದ.

"ಒಂದು ಮಾತು ಕೇಳ್ಲಾ ಸಾರ್? ಇವನು ವಾಪಸ್ ಬರ್ತಾನೆ ಅಂತ ಆವತ್ತೇ ಹೇಗೆ ಗೊತ್ತಾಯ್ತು ನಿಮಗೆ?"

"ಜನ ಎಷ್ಟು ದಿನ ಅಂತ ಸಿಟ್ಟು ಇಟ್ಕೋತಾರಪ್ಪ? ಹಾಡು ಕೇಳ್ಬೇಕಲ್ಲ."

"ಅವರ ಹೆಂಡತಿನೂ ಹಾಡ್ತಾರಲ್ಲ."

"ಅವಳು ಕ್ಷಮಿಸಲ್ಲ ಅಂದುಬಿಟ್ಟಳಲ್ಲಯ್ಯ. ಜನಕ್ಕೆ ಬೇಜಾರಾಯ್ತು."

"ಇನ್ನೂ ಇಲ್ಲ ಅಂದ್ರು ಅಷ್ಟೇ."

"ಎರಡೂ ಒಂದೇ," ಅಂದ ಮ್ಯಾನೇಜರ್.

ಚಹಾದಕ್ಕ ಲೋಟ ಕುಕ್ಕಿದಳು. "ನನಗೊಂದು ಅರ್ಥ ಆಗಲ್ಲ ಸಾರ್. ಒದೆ ತಿಂದವಳು ಅವಳು. ಕ್ಷಮಿಸಿದವರು ನಾವು. ನನ್ನ ಪಾತ್ರೆಗೆ ನೀವು ಕಲ್ಲು ಹೊಡೆದ್ರೆ, ಪಕ್ಕದ ಬೀದಿಯವರು ಬಂದು ಪರವಾಗಿಲ್ಲ ಬಿಡಿ ಅಂದ್ಹಂಗಾಯ್ತು."

"ನಿನ್ನ ಚಹಾ ನೋಡ್ಕೊಳ್ಳಮ್ಮ, ಉಕ್ಕುತ್ತಿದೆ," ಎಂದು ಮ್ಯಾನೇಜರ್ ಒಳಗೆ ಹೋದ. ಉಕ್ಕುತ್ತಿದ್ದದ್ದು ನಿಜವೇ.

ಆ ಗುಂಪಿನ ನಡುವಿನಿಂದಲೇ ತಂಗಿಯ ಗಂಡ ಬಂದ. ಕೈಯಲ್ಲಿ ಹಣ್ಣಿನ ಚೀಲ. ಅವನನ್ನು ಕಂಡದ್ದೇ ನಾಲ್ಕಾರು ಜನ ಗುರುತು ಹಿಡಿದರು. "ಬನ್ನಿ ಬನ್ನಿ, ಹಲ್ಲು ಹೇಗಿದೆ?" ಎಂದರು. ಒಬ್ಬ ಎದ್ದು ಸ್ಟೂಲು ಬಿಟ್ಟುಕೊಟ್ಟ. ಅವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

"ಸೀಟಿ ಹೊಡೆಯೋಕೆ ಅನುಕೂಲ ಆಗಿದೆ ಬಿಡಿ," ಅಂದ. ಎಲ್ಲರೂ ನಕ್ಕರು. ಎಂಥ ಒಳ್ಳೆಯ ಮನುಷ್ಯ, ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ ಎಂಬ ಮೆಚ್ಚುಗೆ ಆ ನಗುವಿನಲ್ಲಿತ್ತು. ಬಣ್ಣದಣ್ಣನೂ ಇಷ್ಟು ದಿನ ಹಾಗೆಯೇ ನಕ್ಕಿದ್ದವನು. ಇಂದು ನಗು ತುಟಿಯವರೆಗೆ ಬಂದು ಹಿಂದಕ್ಕೆ ಹೋಯಿತು.

"ಭಾವ, ಭಾನುವಾರದ ವಿಷಯ ಅತ್ತೆ ಹೇಳಿರ್ಬೇಕಲ್ಲ," ಎಂದು ತಂಗಿಯ ಗಂಡ ಅಟ್ಟಣೆಯತ್ತ ನೋಡಿದ. ತಂಗಿಯ ಬೆನ್ನು ಇವರ ಕಡೆಗಿತ್ತು. ಗೋಡೆಯ ಎಡಗಡೆಗೆ ನಡೆದುಹೋಗಿ, ಅಲ್ಲಿಂದ ಅವನು ಅವಳನ್ನು ಸಲಿಗೆಯಿಂದ ಕೂಗಿದ. ಮೋಟಾರು ಗುಂಯ್ಗುಡುತ್ತಿತ್ತು. ಅವಳು ತಿರುಗಲಿಲ್ಲ. ಅವನು ಚಹಾದಂಗಡಿಗೆ ವಾಪಸ್ ಬಂದ.

"ನೋಡಿದ್ರಾ ಭಾವ? ಇದೇ. ಅಲ್ಲೂ ಕಡೆಕಡೆಗೆ ಹಿಂಗೇ ಇತ್ತು. ಕೂಗಿದ್ರೆ ತಿರುಗಿ ನೋಡೋಲ್ಲ."

ಜನ ತಲೆದೂಗಿದರು. ಬಣ್ಣದಣ್ಣ ಲೋಟವನ್ನು ಕೆಳಗಿಟ್ಟ. ಅವನಿಗೆ ತಿಳಿಯಬೇಕಿತ್ತು, ಅಷ್ಟೇ. ಸವಾಲು ಹಾಕುವ ದನಿಯೇ ಅವನಲ್ಲಿ ಇರಲಿಲ್ಲ.

"ಭಾವ, ನೀವು ಬರೆಯೋದು ಯಾವ ಕೈಯಲ್ಲಿ?"

"ಬಲಗೈಲಿ. ಯಾಕೆ?"

"ಆವತ್ತು ಅವಳು ನಿಮ್ಮ ಎದುರಿಗೇ ನಿಂತಿದ್ದಳಾ?"

"ಎದುರಿಗೇ..." ಎಂದವನು ಅರ್ಧಕ್ಕೆ ನಿಲ್ಲಿಸಿದ. ಅವನ ಬಲಗೈ ಹಣ್ಣಿನ ಚೀಲವನ್ನು ಎಡಗೈಗೆ ದಾಟಿಸಿ, ಬೆನ್ನ ಹಿಂದೆ ಹೋಯಿತು.

"ಹಾಗಾದ್ರೆ ಎಡಗಿವಿಗೆ ಬಿದ್ದಿರುತ್ತೆ," ಅಂದ ಬಣ್ಣದಣ್ಣ. "ಅದು ಸತ್ತಿದೆ ಭಾವ. ನಾನು ಈವತ್ತು ಬೆಳಿಗ್ಗೆ ಕಂಡುಹಿಡಿದೆ."

ಚಹಾದಕ್ಕನ ಸೌಟು ನಿಂತಿತು. ಸ್ಟೂಲು ಬಿಟ್ಟುಕೊಟ್ಟಿದ್ದವನು ತನ್ನ ಚಪ್ಪಲಿ ನೋಡಿಕೊಂಡ.

"ನಾನು... ಕ್ಷಮೆ ಕೇಳಿದ್ದೀನಲ್ಲ ಭಾವ. ಅತ್ತೆಯ ಹತ್ತಿರ, ನಿಮ್ಮ ಹತ್ತಿರ..."

"ಹೌದು. ನಾವೂ ಕೊಟ್ಟುಬಿಟ್ಟೆವು. ನಮ್ಮದಲ್ಲದ್ದನ್ನ ಕೊಟ್ಟುಬಿಟ್ಟೆವು." ಅವನು ಏಣಿಯತ್ತ ಕೈ ತೋರಿಸಿದ. "ಅಗೋ, ಏಣಿ ಇದೆ. ಹತ್ತಿ ಹೋಗಿ ಅವಳನ್ನ ಕೇಳಿ. ಬಲಗಡೆ ನಿಂತ್ಕೊಳ್ಳಿ."

ತಂಗಿಯ ಗಂಡ ಏಣಿಯನ್ನು ಬುಡದಿಂದ ತುದಿಯವರೆಗೆ ನೋಡಿದ. "ನನಗೆ ತಲೆ ಸುತ್ತುತ್ತೆ," ಅಂದ.

"ಔಷಧಿ ಅಂಗಡಿಯವರಿಗೇ?" ಎಂದಳು ಚಹಾದಕ್ಕ, ಹಾಲಿನ ಪಾತ್ರೆಗೆ ಹೇಳಿದಂತೆ. ಯಾರೂ ನಗಲಿಲ್ಲ.

"ಹಾಗಾದ್ರೆ ಭಾನುವಾರ ಬರೋದು ಬೇಡ," ಅಂದ ಬಣ್ಣದಣ್ಣ. "ಅವಳಾಗಿ ಕರೆದಾಗ ಬನ್ನಿ. ಅಮ್ಮನಿಗೆ ನಾನು ಹೇಳ್ತೀನಿ."

ತಂಗಿಯ ಗಂಡ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ, ಯಾರಾದರೂ ತನ್ನ ಪರ ಮಾತಾಡಿಯಾರೆಂದು. ಆಮೇಲೆ ಹಣ್ಣಿನ ಚೀಲವನ್ನು ಸ್ಟೂಲಿನ ಮೇಲಿಟ್ಟು ಹೊರಟ. ಚಹಾದಕ್ಕ ಅದನ್ನು ಎತ್ತಿಕೊಂಡು ಹಿಂದೆಯೇ ಓಡಿ, ಅವನ ಕೈಗೆ ತುರುಕಿ ಬಂದಳು.

*

ಬಣ್ಣದಣ್ಣ ಮತ್ತೆ ಮೇಲೆ ಹತ್ತಿದಾಗ ಮಂಜು ಪೂರ್ತಿ ಹೋಗಿತ್ತು. ತಂಗಿಯ ಪರದೆ ಮುಗಿಯುತ್ತ ಬಂದಿತ್ತು. ಮಡಿಕೆ ಮಡಿಕೆಯಾಗಿ ಇಳಿದ ಕೆಂಪು, ಮುಟ್ಟಿದರೆ ಬೆರಳಿಗೆ ಮಖಮಲ್ಲು ಸಿಗಬೇಕು, ಹಾಗಿತ್ತು. ಅವನು ಬಲಗಡೆಗೆ ಬಂದು ಹಲಗೆಯ ಮೇಲೆ ಕುಕ್ಕುರುಗಾಲಲ್ಲಿ ಕೂತ.

"ನಿನಗೆ ಎಡಗಿವಿ ಕೇಳಿಸಲ್ಲ," ಅಂದ.

ಅವಳ ಕೈ ನಿಲ್ಲಲಿಲ್ಲ. "ಬಂದ ದಿನವೇ ಹೇಳಿದ್ದೆನಲ್ಲ."

"ಯಾರಿಗೆ?"

"ನಿಮ್ಮಿಬ್ಬರಿಗೂ. ಅಮ್ಮ ಬೆಚ್ಚಗಿನ ಎಣ್ಣೆ ಬಿಟ್ಟಳು, ಸರಿಹೋಗುತ್ತೆ ಅಂದಳು. ನೀನು ಅವನ ಹಲ್ಲಿಗೆ ಡಾಕ್ಟರನ್ನ ಹುಡುಕೋಕೆ ಹೊರಟಿದ್ದೆ. ಹ್ಞೂಂ ಹ್ಞೂಂ ಅಂತ ಚಪ್ಪಲಿ ಮೆಟ್ಟಿಕೊಂಡು ಹೋದೆ."

ಅವಳು ದೂರುವ ಹಾಗೆ ಹೇಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಬಣ್ಣದಣ್ಣನಿಗೆ ಆ ಮಧ್ಯಾಹ್ನ ನೆನಪಾಯಿತು. ಹೌದು, ಹಲ್ಲಿನ ಡಾಕ್ಟರು ಬಹಳ ಒಳ್ಳೆಯವನು ಸಿಕ್ಕಿದ್ದ. ಕಿವಿಯ ಡಾಕ್ಟರು ಅದೇ ಕಟ್ಟಡದ ಕೆಳಮಹಡಿಯಲ್ಲಿ ಕೂರುತ್ತಿದ್ದ. ಆ ಬೋರ್ಡು ಬರೆದವನು ತಾನೇ.

"ಭಾನುವಾರ ಹೋಗೋಕೆ ಮನಸ್ಸಿದೆಯಾ ನಿನಗೆ?"

ಈಗ ಕುಂಚ ನಿಂತಿತು. ಅವಳು ಗೋಡೆಯನ್ನೇ ನೋಡುತ್ತ, "ಇಲ್ಲ," ಅಂದಳು. ಕುಂಚವನ್ನು ಡಬ್ಬದ ಅಂಚಿಗೆ ಒರೆಸಿ, "ಯಾರಾದ್ರೂ ಕೇಳ್ತಾರೇನೋ ಅಂತ ನೋಡ್ತಿದ್ದೆ," ಅಂದಳು.

"ಕೇಳಿದ್ದೆ. ಆ ಕಡೆ ಕೂತು ಕೇಳಿದ್ದೆ."

ಅವಳು ಅವನತ್ತ ತಿರುಗಿದಳು. ಅವಳ ತುಟಿಯಂಚು ಒಂದಿಷ್ಟು ಮೇಲೆದ್ದಿತು. "ಅಪ್ಪನ ಸಾಲು," ಅಂದಳು.

"ಅಪ್ಪನ ಸಾಲು," ಅಂದ ಅವನೂ.

ಕೆಳಗೆ ಇನ್ನೊಂದು ಗುಂಪು ಸೇರಿ ಗಾಯಕನ ಮುಖಕ್ಕೆ ಚಪ್ಪಾಳೆ ತಟ್ಟುತ್ತಿತ್ತು. ಬಣ್ಣದಣ್ಣ ಅದನ್ನು ಕಿವಿಗೊಟ್ಟು ಆಲಿಸಿದ. ಇವರು ದುಷ್ಟರಲ್ಲ ಅನಿಸಿತು. ಕಾಣುವುದನ್ನು ಕಂಡವರು, ಅಷ್ಟೇ: ಬ್ಯಾಂಡೇಜು ಕಂಡರು, ಕಣ್ಣೀರು ಕಂಡರು. ಕಾಣದ್ದನ್ನು ನೋಡಲು ಮನುಷ್ಯ ಜಾಗ ಬದಲಿಸಿ ನಿಲ್ಲಬೇಕಾಗುತ್ತದೆ, ಹಲಗೆಯ ಮೇಲೆ ಮೈ ಹಿಡಿಮಾಡಿಕೊಂಡು ಆ ಕಡೆಗೆ ದಾಟಬೇಕಾಗುತ್ತದೆ. ದೇವರು ಎಲ್ಲ ಕಡೆಯೂ ಇದ್ದಾನೆ ಎನ್ನುತ್ತಾರಲ್ಲ, ಅವನಿಗೆ ಆ ಕಷ್ಟವಿಲ್ಲ.

ಆಗ ಅವನ ಕಣ್ಣು ಪರದೆಯ ಕೆಳಗಿನ ಅಂಚಿಗೆ ಬಿತ್ತು. ಅಲ್ಲಿ, ಕೆಂಪು ಮುಗಿದು ರಂಗದ ನೆಲ ಶುರುವಾಗುವಲ್ಲಿ, ತಂಗಿ ಸೀಮೆಸುಣ್ಣದಲ್ಲಿ ಎರಡು ಸಣ್ಣ ಗೆರೆಗಳನ್ನು ಎಳೆದಿದ್ದಳು. ಅವನು ಬಗ್ಗಿ ನೋಡಿದ. ಎರಡು ಪಾದಗಳ ತುದಿ. ಪರದೆಯ ಹಿಂದೆ ಯಾರೋ ನಿಂತಿದ್ದಾರೆ, ಪರದೆ ಸರಿಯುವುದನ್ನು ಕಾಯುತ್ತಿದ್ದಾರೆ.

"ಮ್ಯಾನೇಜರ್ ಕೇಳಿದ್ರೆ?"

"ಪರದೆ ಅಂದ್ಮೇಲೆ ಹಿಂದೆ ಯಾರಾದ್ರೂ ಇರ್ಬೇಕಲ್ಲ," ಅಂದಳು ತಂಗಿ. "ಅಳಿಸು ಅಂದ್ರೆ ಅಳಿಸ್ತೀನಿ."

ಅವಳ ಕೈಯಲ್ಲಿದ್ದದ್ದು ಅಗಲವಾದ ಕುಂಚ. ಅದರಲ್ಲಿ ಪರದೆ ಬರೆಯಬಹುದು, ಪಾದದ ಉಗುರು ಬರೆಯಲಾಗದು. ಅವಳು ಅದರ ಕೂದಲಿನ ತುದಿಯನ್ನು ಬೆರಳಲ್ಲಿ ಒತ್ತಿ ಚೂಪುಮಾಡಲು ನೋಡುತ್ತಿದ್ದಳು. ಏನನ್ನೂ ಕೇಳಲಿಲ್ಲ.

ಬಣ್ಣದಣ್ಣನ ಜೇಬಿನಲ್ಲಿ, ಬಟ್ಟೆ ಸುತ್ತಿಟ್ಟ ಒಂದು ತೆಳ್ಳನೆಯ ಕುಂಚವಿತ್ತು, ಅಳಿಲುಕೂದಲಿನದು. ಕಣ್ಣು ಬರೆಯಲು ಅವಳ ಕೈಯೇ ಆಗಬೇಕೆಂದು ಅಪ್ಪ ತಂಗಿಗೆ ಕೊಟ್ಟದ್ದು. ಅವಳ ಮದುವೆಯ ಮರುದಿನ ಅವನು ಅದನ್ನು ಇಸಿದುಕೊಂಡಿದ್ದ: ಅಲ್ಲಿ ನಿನಗ್ಯಾಕೆ, ಇಲ್ಲೇ ಇರಲಿ ಎಂದು. ಮರಳಿ ಬಂದಾಗ ಅವಳು ಒಮ್ಮೆ ಕೇಳಿದ್ದಳು. ನೀನು ಹೇಗೂ ವಾಪಸ್ ಹೋಗುವವಳಲ್ಲವೇ ಅಂದಿದ್ದ. ಆಮೇಲೆ ಅವಳು ಕೇಳಿರಲಿಲ್ಲ.

ಅವನು ಬಟ್ಟೆ ಬಿಚ್ಚಿದ. ಕೂದಲು ಎಲ್ಲೂ ಕೆದರಿರಲಿಲ್ಲ. ಹಿಡಿಯ ಮೇಲೆ ಅಪ್ಪನ ಹೆಬ್ಬೆರಳು ಸವೆಸಿದ ಗುಳಿ ಹಾಗೆಯೇ ಇತ್ತು. ಅದನ್ನು ಅವಳ ಬಲಗಡೆಯಿಂದ ನೀಡಿದ, ಹಿಡಿ ಅವಳ ಕಡೆಗಿರುವಂತೆ.

ತಂಗಿ ಅದನ್ನು ನೋಡಿದಳು. ಅಗಲದ ಕುಂಚವನ್ನು ಡಬ್ಬದ ಅಂಚಿಗೆ ಒರಗಿಸಿ, ಕೈಯ ಬಣ್ಣವನ್ನು ಸೆರಗಿಗೆ ಒರೆಸಿಕೊಂಡು, ತೆಗೆದುಕೊಂಡಳು.